ಕಡಲ ಕಾಳಗದ ಪರದೆ

ನಾನು ನಾಟಕ ಕಂಪನಿಯ ಒಂದು ಪರದೆ. ಗದಗಿನಲ್ಲಿ ಮಾದರಪಾಟ ಬಟ್ಟೆಯ ಪಟ್ಟಿಗಳನ್ನು ಹೊಲಿದು, ಅಂಟು ಕಲಸಿದ ಬಣ್ಣ ಬಳಿದು ನನ್ನನ್ನು ಮಾಡಿದರು. ಮೈತುಂಬ ಹಾಯಿಹಡಗುಗಳ ಕಾಳಗ. ಈ ಕಡೆ ನಮ್ಮ ನಾಟಕದ ರಾಣಿಯ ಹಡಗುಗಳು, ಆ ಕಡೆ ಪರಂಗಿಯವರವು, ನಡುವೆ ತೋಪಿನ ಹೊಗೆ.

ಬರೆದವನು ಕಿನ್ನಾಳದ ಈರಣ್ಣ ಚಿತ್ರಗಾರ. ಅವನು ಸಮುದ್ರ ಕಂಡವನಲ್ಲ. ಹಡಗನ್ನು ಹಳೆಯ ಕ್ಯಾಲೆಂಡರಿನಿಂದ ತೆಗೆದುಕೊಂಡ, ನೀರನ್ನು ಊರ ಕೆರೆಯಿಂದ. ಬಾವುಟ ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಓಡುವ ಎತ್ತಿನ ಗಾಡಿಗೆ ಕಟ್ಟಿದ ಬಾವುಟ ಹಿಂದಕ್ಕೆ ಹಾರುತ್ತದಲ್ಲ, ಹಡಗಿನದನ್ನೂ ಹಾಗೇ ಹಾರಿಸಿದ. ಹಾಯಿ ಮುಂದಕ್ಕೆ ಉಬ್ಬಿತ್ತು, ಬಾವುಟ ಹಿಂದಕ್ಕೆ. ಸೈನಿಕರು ಫೋಟೋಕ್ಕೆ ನಿಂತವರ ಹಾಗೆ ಸಾಲಾಗಿ ನಿಂತಿದ್ದರು.

ಗದಗು, ಹುಬ್ಬಳ್ಳಿಗಳಲ್ಲಿ ನಾನು ಇಳಿದರೆ ಚಪ್ಪಾಳೆ. ಆಮೇಲೆ ಕಂಪನಿ ಘಟ್ಟ ಇಳಿದು ಕಡಲತೀರದ ಕುಮಟೆಗೆ ಬಂತು.

ಮೊದಲ ಆಟದಲ್ಲೇ ಮುಂದಿನ ಸಾಲಿನಿಂದ ಒಂದು ದನಿ ಎದ್ದಿತು. "ಈ ಹಡಗು ಹೋಗ್ತದಾ, ಬರ್ತದಾ ಮಾರಾಯಾ?" ಇಡೀ ಥಿಯೇಟರು ನಕ್ಕಿತು. ಹಾಸ್ಯಪಾತ್ರದ ಅಂದಾನಿ ಸುಮ್ಮನಿರುವ ಆಸಾಮಿಯಲ್ಲ. ನನ್ನತ್ತ ಕೈಮಾಡಿ ಕೂಗಿದ. "ಹಾಯಿಗೊಂದು ಗಾಳಿ, ಬಾವುಟಕ್ಕೊಂದು ಗಾಳಿ! ನಮ್ಮ ರಾಣಿ ಸರಕಾರದಾಗ ಯಾವುದಕ್ಕೂ ಕೊರತಿ ಇಲ್ರೀ!"

"ವನ್ಸ್ ಮೋರ್!" ಎಂದರು ಜನ. ನನ್ನನ್ನು ಮೇಲೆತ್ತಿ ಮತ್ತೆ ಇಳಿಸಿದರು. ಅಂದಿನಿಂದ ಜನ ನನ್ನನ್ನು ನೋಡಿ ನಗಲೆಂದೇ ಬರತೊಡಗಿದರು.

ಈರಣ್ಣ ಯಜಮಾನ ಗುರುಪಾದಯ್ಯನ ಹತ್ತಿರ ಹೋದ. "ಯಜಮಾನ್ರ, ನಾ ಕಾಳಗ ಬರದೀನ್ರಿ. ಜನ ನಕ್ಕರ ಹೆಂಗ್ರಿ? ತಿದ್ದತೀನಿ."

"ಕೈ ಹಚ್ಚಿದಿ ಅಂದ್ರ ಕಂಪನಿ ಬಿಟ್ಟಂಗ ನೋಡು," ಎಂದ ಯಜಮಾನ. "ಆ ಬಾವುಟದ ಮ್ಯಾಲ ನಮ್ಮ ಹೊಟ್ಟಿ ನಡದೈತಿ."

ಈರಣ್ಣ ಕಡಲದಂಡೆಗೆ ಹೋಗಿಬರತೊಡಗಿದ. ಅಲ್ಲಿ ಕಂಡದ್ದನ್ನು ಅಂದಾನಿಗೆ ಹೇಳುವಾಗ ನಾನೂ ಕೇಳಿಸಿಕೊಂಡೆ. ಗಾಳಿ ಹಿಂದಿನಿಂದ ಬೀಸಿದರೆ ಹಾಯಿಯೂ ಮುಂದಕ್ಕೆ, ಬಾವುಟವೂ ಮುಂದಕ್ಕೆ. ದೋಣಿ ಬರುವುದು ತಡವಾದರೆ ಹೆಂಗಸರು ದಂಡೆಯಲ್ಲಿ ಕಡಲನ್ನೇ ನೋಡುತ್ತ ನಿಲ್ಲುತ್ತಾರೆ. "ಅವರ ಮುಂದ ನಾ ಎಂಥಾ ಕಾಳಗ ಬರದು ಇಟ್ಟೀನೋ," ಎಂದ. ಅಂದಾನಿ ಬೀಡಿ ಹಚ್ಚಿಕೊಂಡ.

ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಈರಣ್ಣ ನನ್ನನ್ನು ನೆಲದ ಮೇಲೆ ಹಾಸಿದ. ಬಾವುಟಗಳನ್ನು ಮುಂದಕ್ಕೆ ತಿರುಗಿಸಿದ. ಸಾಲಾಗಿ ನಿಂತ ಸೈನಿಕರನ್ನು ಅಳಿಸಿದ. ಮುರಿದ ಹಡಗಿನ ಪಕ್ಕ, ಕಪ್ಪು ನೀರಿನಲ್ಲಿ, ಬರೀ ತಲೆಗಳನ್ನು ಬರೆದ.

ಆ ರಾತ್ರಿಯ ಆಟಕ್ಕೆ ನಾನು ಇಳಿದೆ. ನಗಲು ಬಂದವರು ಬಾಯಿ ತೆರೆದರು, ನಗು ಬರಲಿಲ್ಲ. ಅಂದಾನಿ ರಂಗದ ಮೇಲೆ ಬಂದು ನನ್ನತ್ತ ಕೈ ಎತ್ತಿದ, ನೋಡಿದ, ಕೈ ಇಳಿಸಿ ಹೊರಟುಹೋದ. ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಕೇಳಿದಳು. "ಬಿದ್ದವ್ರನ್ನ ಎತ್ತೂಕೆ ಯಾರೂ ಬರೂದಿಲ್ವಾ?"

ಆಟ ಮುಗಿಯಿತು.

"ನಗಸೂ ಪರದೆ ಕೊಟ್ಟಿದ್ದೆ, ಅಳಸೂ ಪರದೆ ಮಾಡಿ ಇಟ್ಟಿ!" ಗುರುಪಾದಯ್ಯ ಒಳಗೆ ಕೂಗಾಡಿದ. "ಬೆಳಗಾಗೂದರಾಗ ಗಂಟು ಕಟ್ಟು."

"ಆತ್ರಿ," ಎಂದ ಈರಣ್ಣ.

ಬೆಳಿಗ್ಗೆ ಗಂಟು ಕಟ್ಟಿಟ್ಟು ನನ್ನ ಹತ್ತಿರ ಬಂದ. ಹೊಗೆಯ ಅಂಚಿನಲ್ಲಿ ಒಂದು ಸಣ್ಣ ದೋಣಿ ಬರೆದ. ಅದಕ್ಕೆ ಬಾವುಟವಿಲ್ಲ. ಅದು ಯಾವ ಕಡೆಯದೆಂದು ಹೇಳಲಾಗದು. ಒಳಗಿರುವವನೊಬ್ಬ ತಲೆಗಳತ್ತ ಕೈ ಚಾಚಿದ್ದಾನೆ. ಬಣ್ಣ ಒಣಗುವ ಮೊದಲೇ ಈರಣ್ಣ ಹೊರಟುಹೋದ.

ಮುಂದೆ ಕಂಪನಿ ಮುಚ್ಚಿತು. ನಾನು ಒಂದು ಶಾಲೆಗೆ ಬಂದೆ, ಅಲ್ಲಿಂದ ಅದರ ಉಗ್ರಾಣಕ್ಕೆ. ಈಗ ಮುರಿದ ಬೆಂಚುಗಳ ಮೇಲೆ ಮಡಚಿ ಬಿದ್ದಿದ್ದೇನೆ. ಮಡಿಕೆಗಳಲ್ಲಿ ಬಣ್ಣ ಉದುರುತ್ತಿದೆ. ರಾಣಿಯ ಹಡಗು ಯಾವುದು, ಪರಂಗಿಯವರದು ಯಾವುದು ಎಂದು ಇನ್ನು ಗುರುತು ಸಿಗಲಾರದು. ತಲೆಗಳು ಉಳಿದಿವೆ. ದೋಣಿಯೂ ಉಳಿದಿದೆ, ಇನ್ನೂ ತಲುಪಿಲ್ಲ.