ನೆಲಮಾಳಿಗೆಯ ಕರೆಗಂಟೆ

ಆ ಹಳೆಯ ಬಂಗಲೆಯಲ್ಲಿ ಅವಳಿಗೆ ಬಾಗಿಲಿನ ಫಲಕದಲ್ಲೂ ಹಿಡಿಯದಷ್ಟು ಉದ್ದನೆಯ ಹುದ್ದೆಯಿತ್ತು: ಸಾರ್ವಜನಿಕ ಸಂಪರ್ಕ ಮತ್ತು ಇತಿಹಾಸ ಶಿಕ್ಷಣ ವಿಭಾಗದ ಮುಖ್ಯಸ್ಥೆ. ಕೊನೆಯ ಅಕ್ಷರಗಳು ಜಾಗ ಸಾಲದೆ ಒಂದರ ಮೇಲೊಂದು ಹತ್ತಿ ಕೂತಿದ್ದವು. ವಿಭಾಗವೆಂದರೆ ಅವಳು, ಒಂದು ಮೇಜು, ಕಾಲು ಅಲುಗುವ ಒಂದು ಕುರ್ಚಿ. ಯಾರಿಗೆ ಮುಖ್ಯಸ್ಥೆ ಎಂದು ಯಾರಾದರೂ ಕೇಳಿದ್ದರೆ ಕುರ್ಚಿಯನ್ನೇ ತೋರಿಸಬೇಕಿತ್ತು. ಸಿಬ್ಬಂದಿಯ ಬಾಯಲ್ಲಿ ಮಾತ್ರ ಅವಳು ಪಾಠದ ಮೇಡಂ.

ಬಂಗಲೆ ಒಂದು ಕಾಲಕ್ಕೆ ಹಡಗಿನ ವ್ಯಾಪಾರಿಯೊಬ್ಬನದು. ಅವನು ಸಕ್ಕರೆ ಮಾರಿದ, ಮರ ಮಾರಿದ, ಮನುಷ್ಯರನ್ನೂ ಮಾರಿದ. ಒಂದಷ್ಟು ಜನರನ್ನು ಮಾರದೆ ತನ್ನ ಮನೆಗೆಂದೇ ಇಟ್ಟುಕೊಂಡ. ಈಗ ಅದು ಮ್ಯೂಸಿಯಂ. ಬಂದವರು ಮೇಲಿನ ಮಹಡಿಯಲ್ಲಿ ಅವನ ದೀಪಗೊಂಚಲು, ಆಳೆತ್ತರದ ಕನ್ನಡಿ, ಊಟದ ಮೇಜು ನೋಡಿ, ಕನ್ನಡಿಯೆದುರು ಫೋಟೋ ತೆಗೆದುಕೊಂಡು, ಅಬ್ಬಾ ಏನು ಬಾಳಿದರಪ್ಪ ಎಂದು ಹೊಟ್ಟೆಕಿಚ್ಚು ಪಟ್ಟು ಹೋಗುತ್ತಿದ್ದರು. ನೆಲಮಾಳಿಗೆಗೆ ಇಳಿಯುವವರು ಕಡಿಮೆ. ಇಳಿದವರಲ್ಲೂ ಹೆಚ್ಚಿನವರು ಶೌಚಾಲಯ ಹುಡುಕಿಕೊಂಡು ಬಂದವರು.

ಪಾಠದ ಮೇಡಂ ಜೀವವಿದ್ದದ್ದು ಆ ನೆಲಮಾಳಿಗೆಯಲ್ಲಿ. ಅಲ್ಲಿ ಮಸಿ ಹಿಡಿದ ಒಲೆ, ಮೇಲೆ ಗೋಡೆಯುದ್ದಕ್ಕೂ ಸಾಲಾಗಿ ಗಂಟೆಗಳು. ಮೇಲಿನ ಒಂದೊಂದು ಕೋಣೆಯಿಂದ ಒಂದೊಂದು ತಂತಿ ಗೋಡೆಯೊಳಗೇ ಇಳಿದು ಬಂದು ಒಂದೊಂದು ಗಂಟೆಗೆ ಸೇರಿತ್ತು. ಒಂದರ ಸದ್ದು ಇನ್ನೊಂದಕ್ಕಿಲ್ಲ; ಯಾವ ಕೋಣೆಯವರು ಕರೆಯುತ್ತಿದ್ದಾರೆಂದು ಕತ್ತಲೆಯಲ್ಲೂ ತಿಳಿಯಬೇಕಲ್ಲ. ಗಂಟೆಗಳ ಕೆಳಗೆ, ನೆಲದಲ್ಲಿ ಕೂತರೆ ಬೆನ್ನು ತಾಗುವ ಕಡೆ, ಗೋಡೆ ನುಣ್ಣಗೆ ಸವೆದು ಸಣ್ಣಗೆ ಒಳಕ್ಕೆ ಹೋಗಿತ್ತು. ವ್ಯಾಪಾರಿ ಮಾರದೆ ಇಟ್ಟುಕೊಂಡ ಅಡುಗೆಯ ಹೆಂಗಸು ಕೂತಿದ್ದ ಜಾಗ. ತೂಕಡಿಸಿದ್ದೂ ಮಲಗಿದ್ದೂ ಅಲ್ಲೇ. ಅವಳ ಹೆಸರು ಎಲ್ಲೂ ಇಲ್ಲ. ಬೆನ್ನಿನ ಗುರುತೊಂದು ಇದೆ.

ಆ ಬೆನ್ನಿನ ಮುಂದೆ ಶಾಲೆಯ ಮಕ್ಕಳನ್ನೂ ಊರಿನವರನ್ನೂ ಕೂರಿಸಿ, ಮನುಷ್ಯರನ್ನು ಕೊಂಡ ಕಥೆಯನ್ನು ಕನ್ನಡಿಯಿಲ್ಲದ ಕೋಣೆಯಲ್ಲಿ ಹೇಳಬೇಕೆನ್ನುವುದು ಪಾಠದ ಮೇಡಂ ಯೋಜನೆ. ನಿರ್ದೇಶಕರ ಯೋಜನೆ ಬೇರೆಯಿತ್ತು. ಕೆಳಗೆ ಒಳ್ಳೆ ತಂಪಾಗಿದೆ, ಕಾಫಿ ಅಂಗಡಿಗೆ ಹೇಳಿ ಮಾಡಿಸಿದ ಜಾಗ ಎಂದು ಅವರು ಎರಡು ಸಭೆಗಳಲ್ಲಿ ಹೇಳಿದ್ದರು. ತೀರ್ಮಾನ ಟ್ರಸ್ಟಿನ ಅಧ್ಯಕ್ಷೆಯದು. ಆಕೆ ಅದೇ ವ್ಯಾಪಾರಿಯ ವಂಶದವರು, ಎಲ್ಲರಿಗೂ ದೊಡ್ಡಮ್ಮ. ವಾರ್ಷಿಕ ಭೇಟಿಗೆ ಬರುವ ದಿನ ದೊಡ್ಡಮ್ಮ ಕೆಳಗಿಳಿದು ನೋಡಿ ಒಪ್ಪಿದರೆ ಪಾಠ, ಇಲ್ಲದಿದ್ದರೆ ಕಾಫಿ.

ಭೇಟಿಯ ಹಿಂದಿನ ವಾರ ನಿರ್ದೇಶಕರು ಹೊಸ ಸುದ್ದಿ ತಂದರು. ದೊಡ್ಡಮ್ಮನಿಗೆ ಮಂಡಿ ನೋವು, ಆಕೆ ಕೆಳಗಿಳಿಯುವುದಿಲ್ಲ. ಹಾಗಾಗಿ ಇತಿಹಾಸವೇ ಮೇಲಕ್ಕೆ ಹೋಗಲಿ. ಅತಿಥಿಗಳು ಊಟದ ಕೋಣೆಯಲ್ಲಿ ಕೂತು ಗಂಟೆಯ ಹಿಡಿ ಎಳೆಯುತ್ತಾರೆ, ಕೆಳಗಿನಿಂದ ಗುಲಾಮಳ ವೇಷದ ಹುಡುಗಿ ಜ್ಯೂಸಿನ ಟ್ರೇ ಹಿಡಿದು ಬರುತ್ತಾಳೆ. ಇದಕ್ಕೆ ಅನುಭವದ ಮೂಲಕ ಕಲಿಕೆ ಎನ್ನುತ್ತಾರಂತೆ. ಅನುಭವ ಯಾರಿಗೆ, ಕಲಿಕೆ ಯಾರಿಗೆ ಎಂದು ಪಾಠದ ಮೇಡಂ ಕೇಳಿದಳು. ಸಭೆಯ ನಡಾವಳಿಯಲ್ಲಿ ಅದು ‘ಮೇಡಂ ಅವರೂ ಉತ್ಸಾಹದಿಂದ ಚರ್ಚಿಸಿದರು’ ಎಂದು ದಾಖಲಾಯಿತು.

ಈ ಗಂಟೆಯ ವಿಷಯದಲ್ಲಿ ಅವಳಿಗೆ ಪುಸ್ತಕದ ಹೊರಗಿನ ತಿಳಿವಳಿಕೆಯೂ ಸ್ವಲ್ಪವಿತ್ತು. ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ, ಅಮ್ಮ ಕೂಗಿ ಕೂಗಿ ಗಂಟಲು ನೋಯಿಸಿಕೊಳ್ಳಬಾರದೆಂದು ಗಂಡ ಒಂದು ಹಿತ್ತಾಳೆಯ ಕೈಗಂಟೆ ತಂದುಕೊಟ್ಟಿದ್ದ. ಸೊಂಟ ಕೂಡಿಕೊಂಡು, ಇನ್ನು ನಡೆಯಲೇಬೇಕೆಂದು ಡಾಕ್ಟರು ವಾಕರ್ ಬರೆದುಕೊಟ್ಟು ಎಷ್ಟೋ ತಿಂಗಳಾಗಿತ್ತು. ವಾಕರ್ ಮೇಲೆ ಟವೆಲ್ ಒಣಗುತ್ತಿತ್ತು, ಗಂಟೆ ಬಾರಿಸುತ್ತಲೇ ಇತ್ತು. ಅತ್ತೆಯ ಕೋಣೆಗೆ ಹತ್ತಿರ ಇರುವುದು ಹಾಲ್‌ನ ಸೋಫಾ, ಸೋಫಾದಲ್ಲಿ ಇರುವುದು ಗಂಡ. ಗಂಟೆ ಕೇಳಿದರೆ ಅವನ ಬಾಯಿ ಏಳುತ್ತಿತ್ತು, ಅವನು ಏಳುತ್ತಿರಲಿಲ್ಲ. “ಅಮ್ಮ ಕರೀತಿದಾಳೆ,” ಎಂದು ಅಡುಗೆಮನೆಗೆ ಸುದ್ದಿ ಮುಟ್ಟಿಸುತ್ತಿದ್ದ. ಅಷ್ಟರಲ್ಲಿ ಅವಳ ಕಾಲು ಅರ್ಧ ದಾರಿಯಲ್ಲಿರುತ್ತಿತ್ತು. ಕಾಲು ಹೊರಟ ಮೇಲೆ ಮನಸ್ಸು ಹಿಂದಿನಿಂದ ಓಡಿ ಬಂದು ಸೇರಿಕೊಳ್ಳುತ್ತಿತ್ತು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಿರ್ದೇಶಕರ ಭಾಷಣದ ಹಾಗೆ ಆಗುತ್ತಿತ್ತು. ನಾವೆಲ್ಲರೂ ಇವತ್ತು ಒಂದಲ್ಲ ಒಂದಕ್ಕೆ ಗುಲಾಮರೇ, ನಾನಂತೂ ಮೊಬೈಲಿಗೆ ಎಂದು ಅವರು ಪ್ರತಿ ಭಾಷಣದಲ್ಲೂ ಹೇಳಿ, ನಗುವಿಗಾಗಿ ಒಂದು ಕ್ಷಣ ಕಾಯುತ್ತಿದ್ದರು. ಆಗೆಲ್ಲ ಅವಳಿಗೆ ಮೈ ಉರಿಯುತ್ತಿತ್ತು. ತನ್ನ ಚೀಲದಲ್ಲಿ ಮನೆಯ ಕೀಲಿಯಿದೆ, ಹೊರಗೆ ಬಸ್ಸಿದೆ, ತಿಂಗಳಿಗೊಮ್ಮೆ ಸಂಬಳವಿದೆ. ಹೋಲಿಸಬಾರದು. ಆದರೂ ಹಿತ್ತಾಳೆಯ ಸದ್ದಿಗೆ ಕಾಲು ಕುಣಿದಾಗ ಆ ಸವೆದ ಗೋಡೆ ನೆನಪಾಗುತ್ತಿತ್ತು, ನೆನಪಾಗಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಭೇಟಿಯ ದಿನ ಬೆಳಿಗ್ಗೆ ವೇಷದ ಹುಡುಗಿ ಫೋನ್ ಮಾಡಿದಳು. ಸೋಪಿನ ಜಾಹೀರಾತೊಂದರಲ್ಲಿ ಅವಕಾಶ ಸಿಕ್ಕಿದೆ, ಬರಲಾಗುವುದಿಲ್ಲ. ನಿರ್ದೇಶಕರು ಹುಡುಗಿಯ ಗೋಣಿಬಣ್ಣದ ಅಂಗಿಯನ್ನು ಕೈಯಲ್ಲಿ ಹಿಡಿದುಕೊಂಡು ಸಿಬ್ಬಂದಿಯನ್ನೆಲ್ಲ ಒಬ್ಬೊಬ್ಬರಾಗಿ ನೋಡುತ್ತ ಬಂದರು. ಕಸ ಗುಡಿಸುವವಳು ನೋಟ ತಾಗುವ ಮೊದಲೇ ಬಕೆಟ್ ಎತ್ತಿಕೊಂಡು ಹೋದಳು. ಕೊನೆಗೆ ಅಂಗಿ ಪಾಠದ ಮೇಡಂ ಮೇಜಿನ ಮೇಲೆ ಬಂದು ಬಿತ್ತು.

“ಒಂದೇ ದಿನ ಮೇಡಂ. ನಿಮಗೆ ವಿಷಯ ಗೊತ್ತಲ್ಲ,” ಎಂದರು ನಿರ್ದೇಶಕರು. “ನಿಮಗಿಂತ ಚೆನ್ನಾಗಿ ಯಾರು ಮಾಡ್ತಾರೆ?”

ಅವಳು ಅಂಗಿ ಹಾಕಿಕೊಳ್ಳಲಿಲ್ಲ, ಆದರೆ ಟ್ರೇ ಹಿಡಿದು ಕೆಳಗಿಳಿದಳು. ನೆಲಮಾಳಿಗೆ ಉಳಿಸಿಕೊಳ್ಳಲು ಒಂದು ಟ್ರೇ ಹಿಡಿದರೆ ಏನಾಯಿತು ಎಂದು ತನಗೇ ಸಮಾಧಾನ ಹೇಳಿಕೊಂಡಳು. ಕಾವಲುಗಾರ ಬಾಗಿಲು ಹಿಡಿಯಲೆಂದು ಜೊತೆಗೆ ಬಂದ. ಮೇಲೆ ಕುರ್ಚಿ ಎಳೆದ ಸದ್ದು, ಭಾಷಣದ ಸದ್ದು ಕೇಳಿಸಿತು. ಮೊಬೈಲಿನ ಮಾತು ಬಂತು, ನಗುವೂ ಬಂತು. ಆಮೇಲೆ ಗಂಟೆ.

ಎಚ್ಚರವಾಗಿ ನೋಡುವಷ್ಟರಲ್ಲಿ ಅವಳು ಮೆಟ್ಟಿಲ ಮೇಲಿದ್ದಳು. ಟ್ರೇ ಕೈಯಲ್ಲಿತ್ತು, ಬಾಯಲ್ಲಿ “ಬಂದೆ” ಎಂಬ ಮಾತಿತ್ತು. ಯಾರು ಹೇಳಿದ್ದು ಅದನ್ನು? ಇಷ್ಟು ವರ್ಷ ಓದಿದವಳೋ, ಅತ್ತೆಯ ಸೊಸೆಯೋ? ಪಾದದಡಿಯ ಕಲ್ಲು ನಡುವೆ ತಗ್ಗಾಗಿತ್ತು. ಅಷ್ಟು ಸವೆಯಬೇಕಾದರೆ ಎಷ್ಟು ಸಲ ಓಡಿರಬೇಕು, ಅದೂ ಬರಿಗಾಲು. ತಾನು ಈಗ ಹೋಗದಿದ್ದರೆ ಹೆಚ್ಚೆಂದರೆ ಕೆಲಸ ಹೋಗುತ್ತದೆ. ಆ ಅಡುಗೆಯ ಹೆಂಗಸು ಹೋಗದಿದ್ದರೆ ಏನು ಹೋಗುತ್ತಿತ್ತು ಎನ್ನುವುದನ್ನು ಶಾಲೆಯ ಮಕ್ಕಳಿಗೆ ಹೇಳುವಾಗ ಅವಳು ಯಾವಾಗಲೂ ಅರ್ಧಕ್ಕೆ ನಿಲ್ಲಿಸಿಬಿಡುತ್ತಿದ್ದಳು. ಹೆದರಲೇಬೇಕಾದವಳು ಓಡಿದಳು ಸರಿ. ಹೆದರಬೇಕಿಲ್ಲದ ತಾನು ಯಾಕೆ ಓಡುತ್ತಿದ್ದೇನೆ?

ಅವಳು ಕೆಳಗಿಳಿದು ಬಂದು ಸವೆದ ಗೋಡೆಯ ಪಕ್ಕ ಕೂತಳು. ಗಂಟೆ ಮತ್ತೆ ಬಾರಿಸಿತು. ಏಳುತ್ತಿದ್ದ ಕಾಲುಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು.

“ಅಕ್ಕ, ಕರೀತಿದಾರೆ. ಹೋಗಲ್ವಾ?” ಎಂದ ಕಾವಲುಗಾರ.

“ಇಲ್ಲ.”

“ಹಾಗಾದ್ರೆ ಜ್ಯೂಸು?”

“ನೀನು ಕುಡಿ.”

ಅವನು ಒಮ್ಮೆ ಬಾಗಿಲ ಕಡೆ ನೋಡಿ, ರುಚಿ ನೋಡುವವನ ಹಾಗೆ ಒಂದು ಗುಟುಕು ಕುಡಿದು, ಲೋಟ ಖಾಲಿ ಮಾಡಿ, ಇನ್ನೊಂದಕ್ಕೆ ಕೈ ಹಾಕಿದ. ಅಷ್ಟರಲ್ಲಿ ನಿರ್ದೇಶಕರು ಅರ್ಧ ಮೆಟ್ಟಿಲು ಇಳಿದು ಬಗ್ಗಿ ನೋಡಿದರು.

“ಮೇಡಂ, ಗಂಟೆ ಕೇಳಿಸ್ತಿಲ್ವಾ?” ಎಂದರು ಪಿಸುದನಿಯಲ್ಲಿ.

“ಚೆನ್ನಾಗಿ ಕೇಳಿಸ್ತಿದೆ ಸರ್. ನಾನು ಬರಲ್ಲ. ಬಾರಿಸಿದವರೇ ಇಳಿದು ಬರ್ಲಿ.”

“ದೊಡ್ಡಮ್ಮನಿಗೆ ಮಂಡಿ ನೋವು ರೀ.”

“ಮೇಲಿನ ಮಹಡಿಗೆ ಅದೇ ಮಂಡಿಯಲ್ಲಿ ಹತ್ತಿದ್ರಲ್ಲ.”

ನಿರ್ದೇಶಕರು ಅವಳ ಹುದ್ದೆಯ ಬಗ್ಗೆ, ಅದರ ಭವಿಷ್ಯದ ಬಗ್ಗೆ ಪಿಸುಗುಟ್ಟಿದರು. ಅಲುಗುವ ಕುರ್ಚಿ ಅವಳ ಕಣ್ಣ ಮುಂದೆ ಬಂದು ಹೋಯಿತು. ಅವರು ಮೇಲೆ ಹೋದರು. ಗಂಟೆ ಇನ್ನೂ ಜೋರಾಯಿತು. ಜೀವಮಾನದಲ್ಲಿ ಎರಡನೆಯ ಸಲ ಕರೆದು ಗೊತ್ತಿಲ್ಲದವರು ಎಳೆಯುವ ಎಳೆತ ಅದು. ಆಮೇಲೆ ನಿಂತುಹೋಯಿತು. ಮೆಟ್ಟಿಲಲ್ಲಿ ಕೈಕೋಲಿನ ಸದ್ದು, ಏದುಸಿರಿನ ಸದ್ದು, ಹಿಂದೆ ಹತ್ತಾರು ಹೆಜ್ಜೆಗಳ ಸದ್ದು ಬಂತು.

“ಎಷ್ಟು ಹೊತ್ತಮ್ಮ ಕಾಯೋದು? ಕೈ ನೋಯ್ತು ನನಗೆ,” ಎಂದರು ದೊಡ್ಡಮ್ಮ.

ಪಾಠದ ಮೇಡಂ ಎದ್ದು, ದಣಿದಿದ್ದೀರಿ, ಕೂತುಕೊಳ್ಳಿ ಎಂದು ತಾನು ಕೂತಿದ್ದ ಜಾಗದ ಪಕ್ಕ, ಗಂಟೆಗಳ ಕೆಳಗೆ ತೋರಿಸಿದಳು. ಅಲ್ಲಿ ಕುರ್ಚಿ ಇರಲಿಲ್ಲ. ಕೋಪ ಎಷ್ಟಿದ್ದರೂ ಮಂಡಿ ಕೇಳಬೇಕಲ್ಲ, ದೊಡ್ಡಮ್ಮ ಕೂತರು. ರೇಷ್ಮೆ ಹೊದ್ದ ಬೆನ್ನು ಸವೆದ ಗೋಡೆಯೊಳಗೆ ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು. ಅವಳು ಕಾವಲುಗಾರನಿಗೆ ಕಣ್ಣಸನ್ನೆ ಮಾಡಿದಳು. ಅವನು ಬಾಯಿ ಒರೆಸಿಕೊಂಡು ಮೇಲೆ ಓಡಿದ. ಸ್ವಲ್ಪ ಹೊತ್ತಿಗೆ ದೊಡ್ಡಮ್ಮನ ನೆತ್ತಿಯ ಮೇಲೆಯೇ ಗಂಟೆ ಬಾರಿಸಿತು. ಆಕೆ ಮೈಯೆಲ್ಲ ಅದುರಿ ಕೈಕೋಲು ಬಿಟ್ಟುಬಿಟ್ಟರು.

“ಇಷ್ಟು ಜೋರಾ ಇದು?”

“ಮೇಲೆ ಎಳೆಯೋರಿಗೆ ಗೊತ್ತಾಗಲ್ಲ ದೊಡ್ಡಮ್ಮ. ಅಡುಗೆಯವಳು ಮಲಗ್ತಿದ್ದದ್ದೂ ನೀವು ಕೂತಿರೋ ಜಾಗದಲ್ಲೇ.”

ಆಮೇಲೆ ಅವಳು ವ್ಯಾಪಾರಿಯ ಲೆಕ್ಕದ ಪುಸ್ತಕಗಳಲ್ಲಿ ಓದಿದ್ದನ್ನೆಲ್ಲ ಹೇಳಿದಳು. ಒಲೆ, ಗಂಟೆ, ಕಲ್ಲಿನ ತಗ್ಗು, ಬೆನ್ನಿನ ಗುರುತು ತೋರಿಸಿದಳು. ಆ ಹೆಂಗಸನ್ನು ಸಕ್ಕರೆಯ ಮೂಟೆಗಳ ಜೊತೆ ಒಂದೇ ಹಡಗಿನಲ್ಲಿ ತಂದದ್ದನ್ನು, ಮೂಟೆಗಳನ್ನಾದರೂ ಮಳೆಗೆ ನೆನೆಯದ ಹಾಗೆ ಇಟ್ಟಿದ್ದನ್ನು ಹೇಳಿದಳು. ಅರ್ಧಕ್ಕೆ ನಿಲ್ಲಿಸುತ್ತಿದ್ದ ಮಾತನ್ನೂ ಇವತ್ತು ಪೂರ್ತಿ ಹೇಳಿದಳು: ಬರುವುದು ತಡವಾದಾಗ ಏನು ಮಾಡುತ್ತಿದ್ದರು, ಯಾವುದರಿಂದ ಹೊಡೆಯುತ್ತಿದ್ದರು, ಅವಳ ಮಗುವನ್ನು ಯಾಕೆ ಮಾರಿದರು ಎನ್ನುವುದನ್ನು. ಯಾರೂ ಫೋಟೋ ತೆಗೆಯಲಿಲ್ಲ.

“ನಮ್ಮಜ್ಜಿ ಹೇಳ್ತಿದ್ರು,” ಎಂದರು ದೊಡ್ಡಮ್ಮ ಕೈಕೋಲು ಎತ್ತಿಕೊಂಡು, “ಕೆಲಸದವರನ್ನ ನಮ್ಮನೇಲಿ ಮನೆ ಮಕ್ಕಳ ಥರ ನೋಡ್ಕೋತಿದ್ರಂತೆ.”

“ಮನೆ ಮಕ್ಕಳಲ್ಲಿ ಯಾರು ಇಲ್ಲಿ ಮಲಗ್ತಿದ್ರು ದೊಡ್ಡಮ್ಮ?”

ದೊಡ್ಡಮ್ಮ ಕತ್ತು ಎತ್ತಿ ಗಂಟೆಯನ್ನು ನೋಡಿದರು, ಅದು ಇನ್ನೊಮ್ಮೆ ಬಾರಿಸಿಬಿಡುತ್ತದೋ ಎಂಬ ಹಾಗೆ. ನಿರ್ದೇಶಕರು ಆ ಗಳಿಗೆಯನ್ನು ವ್ಯರ್ಥವಾಗಲು ಬಿಡಲಿಲ್ಲ. ಮುಂದೆ ಬಂದು ಕೈಮುಗಿದು, ಗಂಟೆಗೆ ಯಾರೂ ಬರದಿರುವುದೇ ನಮ್ಮ ಕಾರ್ಯಕ್ರಮದ ಹೊಸ ಪರಿಕಲ್ಪನೆ, ಇದಕ್ಕಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೇವೆ ಎಂದರು. ಅತಿಥಿಗಳಿಗೆ ತಾವು ಏನು ಮಾಡಬೇಕೆಂದು ಅಂತೂ ತಿಳಿಯಿತು, ಚಪ್ಪಾಳೆ ತಟ್ಟಿದರು. ಕಾಫಿ ಅಂಗಡಿ ತೋಟದ ಕಡೆ ಮಾಡಿಕೊಳ್ಳಿ, ಇದನ್ನು ಮುಟ್ಟಬೇಡಿ ಎಂದು ಹೇಳಿ, ದೊಡ್ಡಮ್ಮ ಯಾರ ಕೈಯನ್ನೂ ಹಿಡಿಯದೆ ಎದ್ದರು.

ಹೊತ್ತು ಇಳಿಯುವುದರೊಳಗೆ ಹೊಸ ವೇಳಾಪಟ್ಟಿ ಗೋಡೆಗೆ ಅಂಟಿತ್ತು. ಅದರಲ್ಲಿ ಪ್ರತಿದಿನ ಅತಿಥಿಗಳು ಗಂಟೆ ಬಾರಿಸುವುದು, ಮುಖ್ಯಸ್ಥೆ ಬರದೇ ಇರುವುದು, ಅತಿಥಿಗಳು ಇಳಿಯುವುದು ಎಂದಿತ್ತು. ಬರದೇ ಇರುವುದಕ್ಕೆ ತಡಮಾಡಬಾರದೆಂದು ನಿರ್ದೇಶಕರು ವಿಶೇಷವಾಗಿ ಸೂಚಿಸಿದ್ದರು.

ಮನೆಗೆ ಬಂದು ಚೀಲ ಇಟ್ಟು ಹಾಲ್‌ನ ಕುರ್ಚಿಯಲ್ಲಿ ಕೂತಳೋ ಇಲ್ಲವೋ, ಒಳಗೆ ಹಿತ್ತಾಳೆ ಗಂಟೆ ಕೇಳಿಸಿತು. ಅವಳು ಕಾಲುಗಳನ್ನು ನೋಡಿದಳು. ಅವು ಅಲುಗಿದವು, ಆದರೆ ಏಳಲಿಲ್ಲ.

“ಅಮ್ಮ ಕರೀತಿದಾಳೆ,” ಎಂದ ಸೋಫಾದಲ್ಲಿದ್ದ ಗಂಡ.

“ಕೇಳಿಸ್ತು.”

ಅವನು ಟೀವಿಯಿಂದ ಕಣ್ಣು ತೆಗೆದು ಅವಳನ್ನು ನೋಡಿದ. ಜ್ವರವಿದೆಯೇ ಎಂದು ಕೇಳಿದ. ಗಂಟೆ ಮತ್ತೆ ಬಾರಿಸಿತು, ನಿಂತಿತು. ಆಮೇಲೆ ಕೋಣೆಯೊಳಗೆ ಏನೋ ಎಳೆದ ಸದ್ದು. ಟವೆಲ್ ಇನ್ನೂ ನೇತಾಡುತ್ತಿದ್ದ ವಾಕರ್ ಮೊದಲು ಬಾಗಿಲಿಗೆ ಬಂತು, ಹಿಂದೆ ಅತ್ತೆ ಬಂದರು, ಒಂದು ಕೈಯಲ್ಲಿ ಗಂಟೆ.

“ಕೇಳಿಸಲಿಲ್ವೇನೆ?”

“ಕೇಳಿಸ್ತು ಅತ್ತೆ. ಕೂತಿದ್ದೆ.”

ಅತ್ತೆ ಅವಳ ಮುಖವನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಬೈಗುಳ ಬರಬಹುದೆಂದು ಅವಳು ಕಾದಳು. ಅತ್ತೆ ಪಕ್ಕದ ಕುರ್ಚಿಗೆ ನಿಧಾನವಾಗಿ ಮೈ ಇಳಿಸಿದರು.

“ನಮ್ಮತ್ತೆ ಹತ್ರ ಗಂಟೆ ಇರ್ಲಿಲ್ಲ,” ಎಂದರು. “ಕೆಮ್ಮೋರು. ಒಂದೊಂದಕ್ಕೆ ಒಂದೊಂದು ಥರ ಕೆಮ್ಮು. ನೀರಿಗೆ ಬೇರೆ, ಕಾಲು ಒತ್ತೋಕೆ ಬೇರೆ. ನಾನೂ ಒಂದು ದಿನ ಕೂತ್ಕೋಬೇಕು ಅಂದ್ಕೊಂಡಿದ್ದೆ. ಕೂತ್ಕೊಳ್ಳೋಷ್ಟರಲ್ಲಿ ಅವರೇ ಹೋಗ್ಬಿಟ್ರು.”

ನಡೆದು ಬಂದದ್ದಕ್ಕೆ ಅತ್ತೆಗೆ ಬಾಯಾರಿತ್ತು. ಅಭ್ಯಾಸಬಲದಿಂದ ಕೈಯಲ್ಲಿದ್ದ ಗಂಟೆಯನ್ನು ಅಲ್ಲೇ ಕೂತು ಒಮ್ಮೆ ಅಲ್ಲಾಡಿಸಿದರು. ಗಂಡ ಎಂದಿನಂತೆ ಹೆಂಡತಿಯ ಕಡೆ ತಿರುಗಿ ಬಾಯಿ ತೆರೆದ.

ಅವಳು ಕಾಲು ಚಾಚಿಕೊಂಡಳು.

“ಅಮ್ಮ ಕರೀತಿದಾರೆ,” ಎಂದು ಅವನಿಗೆ ಸುದ್ದಿ ಮುಟ್ಟಿಸಿದಳು.