ಟಾನಿಗೆ ಒಂದು ಅಕ್ಷರ ಕಡಿಮೆ

ರಾತ್ರಿ ಹನ್ನೊಂದೂವರೆಗೆ ಅಡುಗೆಮನೆಯಲ್ಲಿ ‘ಟಪ್’ ಎಂದಿತು. ಬಾಟಲಿಯ ಬಿರಡೆ ಕಿತ್ತ ಸದ್ದು, ಅಷ್ಟೇ. ಆದರೂ ಶಾಂಭವಿ ಬಿರಡೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಪಡಸಾಲೆಯ ಕಡೆ ಕಿವಿಗೊಟ್ಟು ನಿಂತಳು. ಅಲ್ಲಿ ಅತ್ತೆ ಗುರುಬಸಮ್ಮ ಮಲಗಿದ್ದರು. ಫ್ಯಾನಿನ ಕಿರುಗುಟ್ಟುವಿಕೆ ಬಿಟ್ಟರೆ ಬೇರೇನೂ ಕೇಳಲಿಲ್ಲ.

ಬಾಟಲಿಯಲ್ಲಿದ್ದದ್ದು ಟಾನಿ ಪೋರ್ಟ್ ಎಂಬ ವೈನು. ಕಡಿಮೆ ಬೆಲೆಯ ವೈನುಗಳನ್ನು ಕನ್ನಡದವರಿಗೆ ಪರಿಚಯಿಸುವ ಒಂದು ಪುಟ್ಟ ಪುಸ್ತಕಕ್ಕೆ ಶಾಂಭವಿ ಅನುವಾದ ಮಾಡುತ್ತಿದ್ದಳು. ಅವಳು ಕಳಿಸಿದ ಪುಟವನ್ನು ಸಂಪಾದಕಿ ಗಂಗೋತ್ರಿ ವಾಪಸು ಮಾಡಿದ್ದರು. “ಇದನ್ನ ಓದಿದ್ರೆ ಬಾಯಲ್ಲಿ ಏನೂ ಆಗಲ್ಲ ಮೇಡಂ. ಒಂದು ಗುಟುಕು ಕುಡಿದು ಬರೀರಿ” ಎಂದು ಬಾಟಲಿಯನ್ನೇ ಕಳಿಸಿಕೊಟ್ಟಿದ್ದರು. ಗಂಡ ಕೊಟ್ರಬಸಪ್ಪ ಅಕ್ಕಿ ಗಿರಣಿಯ ಕೆಲಸಕ್ಕೆಂದು ಸಿರುಗುಪ್ಪಕ್ಕೆ ಹೊರಟವನು, ಚಪ್ಪಲಿ ಮೆಟ್ಟಿಕೊಳ್ಳುತ್ತ ಒಂದೇ ಮಾತು ಹೇಳಿದ್ದ: “ಏನರ ಮಾಡ್ಕೊ. ಅವ್ವಗ ಮಾತ್ರ ಗೊತ್ತಾಗಬಾರ್ದು ನೋಡು.”

ಅದನ್ನು ಅವಳಿಗೆ ಹೇಳಿಕೊಡಬೇಕಿರಲಿಲ್ಲ. ಗುರುಬಸಮ್ಮ ಬೆಳಿಗ್ಗೆ ಲಿಂಗಪೂಜೆ ಆಗದೆ ನೀರನ್ನೂ ಮುಟ್ಟದವರು. ಹೋದ ವರ್ಷ ಕೆಮ್ಮಿನ ಔಷಧಿಯಲ್ಲಿ ಸ್ಪಿರಿಟ್ ಇರುತ್ತದೆ ಎಂದು ಯಾರೋ ಅಂದದ್ದಕ್ಕೆ, ಇದ್ದ ಬಾಟಲಿಯನ್ನು ಬಚ್ಚಲಿಗೆ ಸುರಿದು, ಕುಡಿದ ತಪ್ಪಿಗೆ ಉಪವಾಸ ಹಿಡಿದಿದ್ದರು. ಸಕ್ಕರೆ ಕಾಯಿಲೆಯ ದೇಹ. ಮೂರನೆಯ ದಿನ ತಲೆ ಸುತ್ತಿ ದೇವರಮನೆಯ ಹೊಸ್ತಿಲ ಮೇಲೆ ಬಿದ್ದಿದ್ದರು. ಹಣೆಯ ಮೇಲಿನ ಗಾಯದ ಗುರುತು ಇನ್ನೂ ಹೋಗಿಲ್ಲ. ಅವರನ್ನು ಎತ್ತಿದವಳು ಶಾಂಭವಿಯೇ.

ಅವಳು ಗಾಜಿನ ಲೋಟಕ್ಕೆ ಎರಡು ಬೆರಳಿನಷ್ಟು ಸುರಿದುಕೊಂಡು, ಬಾಟಲಿಯನ್ನು ರವೆಯ ಡಬ್ಬಿಯ ಹಿಂದೆ ಸೇರಿಸಿದಳು. ನೋಟ್‌ಬುಕ್ಕಿನಲ್ಲಿ ‘ಟಾನಿ’ ಎಂದು ತಲೆಬರಹ ಕೊಟ್ಟು, ಕೆಳಗೆ ‘ಬಣ್ಣ: ಕಂದು’ ಎಂದು ಬರೆದಳು. ಕಂದು ಸರಿಯಲ್ಲ ಎನಿಸಿ ಹೊಡೆದುಹಾಕಿದಳು. ಲೋಟವನ್ನು ದೀಪಕ್ಕೆ ಹಿಡಿದಳು. ಮೂಸಿದಳು. ಸಿಹಿ ಸಿಹಿ. ಒಂದು ಗುಟುಕು ಕುಡಿದಳು. ಮತ್ತೂ ಸಿಹಿ ಅನ್ನಿಸಿತೇ ಹೊರತು ಬೇರೆ ಮಾತು ಹೊಳೆಯಲಿಲ್ಲ.

“ಏನವಾ ಅದು, ಕತ್ತಲಾಗ ಒಬ್ಬಾಕೀನೇ ಕುಡಿಯಾಕತ್ತಿ?”

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಕನ್ನಡಕ ಮೂಗಿನ ಮೇಲಿತ್ತು.

“ಏನಿಲ್ರಿ ಅತ್ತಿ...”

ಗುರುಬಸಮ್ಮ ಹತ್ತಿರ ಬಂದು ನೋಟ್‌ಬುಕ್ಕಿಗೆ ಬಗ್ಗಿದರು. ಏಳನೆಯ ಇಯತ್ತೆಯವರೆಗೆ ಓದಿದವರು. ಕಣ್ಣಿಗೆ ಬಿದ್ದ ಅಕ್ಷರವನ್ನು ಓದದೆ ಬಿಡುವವರಲ್ಲ. “ಟಾ... ನಿ... ಟಾನಿ? ಅಯ್ಯ, ಕಾಲೇಜು ಕಲ್ತಾಕೀಗೆ ಟಾನಿಕ್ ಅಂತ ಬರೆಯಾಕ ಬರಂಗಿಲ್ಲೇನ? ‘ಕ್’ ನುಂಗಿಬಿಟ್ಟೀಯಲ್ಲ!” ಎಂದವರೇ ಪೆನ್ನು ಕಿತ್ತುಕೊಂಡು ದಪ್ಪಗೆ ಒಂದು ‘ಕ್’ ಸೇರಿಸಿದರು. “ರಕ್ತ ಕಡಿಮಿ ಐತಿ ಅಂತ ಡಾಕ್ಟರ್ ಹೇಳಿದ್ರಲ್ಲ, ಅದಕ್ಕೇನು? ಹೇಳಿ ಕುಡಿದ್ರ ನಾ ಏನು ಪಾಲು ಕೇಳ್ತಿದ್ನೇನ?”

ಶಾಂಭವಿ ಹೌದೆಂಬಂತೆ ತಲೆ ಆಡಿಸಿದಳು.

“ಬಣ್ಣ ನೋಡಿದ್ರ ಹಳೇ ಜೋನಿಬೆಲ್ಲ ಇದ್ದಂಗ ಐತಿ. ಹೆಂಗೈತಿ ನೋಡೂಣು, ಕಹಿನೋ ಏನೋ” ಎಂದು ಗುರುಬಸಮ್ಮ ಲೋಟ ಎತ್ತಿದರು.

“ಬ್ಯಾಡ್ರಿ ಅತ್ತಿ, ನಿಮಗ ಸಕ್ರಿ—” ಶಾಂಭವಿಯ ಕೈ ಮುಂದೆ ಚಾಚುವಷ್ಟರಲ್ಲಿ ಒಂದು ಗುಟುಕು ಒಳಗೆ ಹೋಗಿತ್ತು.

ಅತ್ತೆ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಚಪ್ಪರಿಸಿದರು. ಶಾಂಭವಿ ಅವರ ಮುಖವನ್ನೇ ನೋಡುತ್ತಿದ್ದಳು.

“ಅಂಜೂರ ಹಾಕ್ಯಾರ ಇದಕ್ಕ” ಎಂದರು ಗುರುಬಸಮ್ಮ. “ಹಸೀದಲ್ಲ, ಒಣಗಿಸಿದ್ದು. ಬಾದನಹಟ್ಟ್ಯಾಗ ನಮ್ಮ ಅಕ್ಕನಾಗಮ್ಮ ಮಾಳಗಿ ಮ್ಯಾಲೆ ಒಣಹಾಕ್ತಿದ್ದಳು ನೋಡು, ಎಂಟು ದಿನದ ಬಿಸಿಲು ಉಂಡಿದ್ದು, ಹಂಗ. ಹಿಂದಿಂದ ಹೂರಣ ತಳ ಹಿಡಿಯಾಕ ಬಂದಾಗಿನ ವಾಸನಿ. ಹಿಡಿದಿಲ್ಲ, ಇನ್ನೇನು ಹಿಡೀತೈತಿ ಅನ್ನೂದ್ರಾಗ ಇಳಿಸ್ಯಾರ.” ಮತ್ತೊಮ್ಮೆ ಚಪ್ಪರಿಸಿದರು. “ಕಡೀಗೆ ಹುರಿದ ಶೇಂಗಾದ ಸಿಪ್ಪಿ ಒಗರು. ಗಂಟಲಾಗ ಬೆಚ್ಚಗ ಐತಿ. ಆದ್ರ ನಿಲ್ಲಂಗಿಲ್ಲ. ಬಂದ ಬೀಗರು ಚಾ ಕುಡಿಯದ ಎದ್ದು ಹೋದಂಗ ಹೋಗಿಬಿಡ್ತೈತಿ. ಭಾಳ ತುಟ್ಟೀದಲ್ಲ ಬಿಡು ಇದು.”

ಅಷ್ಟು ಹೇಳಿ, ತಾವು ಬಂದಿದ್ದ ಕೆಲಸ ನೆನಪಾಗಿ, ಒಂದು ಲೋಟ ನೀರು ಕುಡಿದು ಹೋಗಿ ಮಲಗಿದರು. ಹತ್ತು ನಿಮಿಷಕ್ಕೆಲ್ಲ ಗೊರಕೆ ಕೇಳಿಸಿತು. ಶಾಂಭವಿ ಅದನ್ನು ಕೇಳುತ್ತಲೇ, ಒಂದು ಮಾತೂ ಬಿಡದಂತೆ ಬರೆದುಕೊಂಡಳು. ಆಮೇಲೆ ಉಳಿದ ವೈನನ್ನೆಲ್ಲ ಬಚ್ಚಲಿಗೆ ಸುರಿದು ನಾಲ್ಕು ಚೊಂಬು ನೀರು ಹಾಕಿದಳು. ಆ ರಾತ್ರಿ ಮೂರು ಸಲ ಎದ್ದು ಅತ್ತೆಯ ಉಸಿರಾಟ ನೋಡಿ ಬಂದಳು.

ಮರುದಿನ ಬೆಳಿಗ್ಗೆ ಪುಟವನ್ನು ತಿದ್ದಿ ಕಳಿಸಿದಳು. ಮಧ್ಯಾಹ್ನ ಗಂಗೋತ್ರಿಯವರ ಫೋನು ಬಂತು. “ಶೇಂಗಾ ಸಿಪ್ಪೆ! ಬೀಗರು! ಇಡೀ ಪುಸ್ತಕ ಹೀಗೇ ಬರಲಿ. ಯಾರು ಮೇಡಂ ರುಚಿ ನೋಡಿದ್ದು?”

“ನಾನೇ” ಎಂದಳು ಶಾಂಭವಿ. “ಆದ್ರೆ ಇನ್ಮೇಲೆ ಬಾಟಲಿ ಮನೆಗೆ ಕಳಿಸಬೇಡಿ.”

ಸಂಜೆ ಕೊಟ್ರಬಸಪ್ಪ ಸಿರುಗುಪ್ಪದಿಂದ ಬಂದು ಕೈಕಾಲು ತೊಳೆದು ಊಟಕ್ಕೆ ಕೂತ. ಗುರುಬಸಮ್ಮ ರೊಟ್ಟಿ ಹಾಕುತ್ತ, “ಏಯ್ ಕೊಟ್ರಾ, ಈಕೀ ಟಾನಿಕ್ ಚಲೋ ಐತಪಾ. ನಿನ್ನಿ ನಾನೂ ಒಂದೀಟು ನೋಡಿದೆ. ಅಷ್ಟರಾಗ ಏನು ನಿದ್ದಿ ಬಂತೋ! ನನಗೂ ಒಂದು ಬಾಟ್ಲಿ ತಂದುಕೊಡು” ಎಂದರು.

ಕೊಟ್ರಬಸಪ್ಪ ಹೆಂಡತಿಯ ಕಡೆ ತಿರುಗಿದ. “ಯಾವ ಟಾನಿಕ್ಕು?”

ಈ ಮನುಷ್ಯ ಮನಸ್ಸಿನಲ್ಲಿದ್ದದ್ದನ್ನು ಅವ್ವನ ಮುಂದೆ ಎರಡು ದಿನ ಮುಚ್ಚಿಟ್ಟದ್ದಿಲ್ಲ. ಶಾಂಭವಿ ಅತ್ತೆಯ ಹಣೆಯ ಗಾಯದ ಗುರುತನ್ನು ನೋಡಿದಳು.

“ರಕ್ತಕ್ಕಂತ ಕೊಟ್ಟಿದ್ರು. ನಿನ್ನಿಗೆ ಮುಗೀತ್ರಿ. ಈಗ ಅದು ಬರಂಗಿಲ್ಲಂತ.”

“ಚಲೋದು ಯಾವಾಗ ಉಳಿದೈತಿ” ಎಂದು ಗುರುಬಸಮ್ಮ ಮಗನ ತಟ್ಟೆಗೆ ಪಲ್ಯ ಬಡಿಸಿದರು.

ಅವನಿಗೂ ಹೇಳಬಾರದು, ಗಂಗೋತ್ರಿಗೂ ಹೇಳಬಾರದು, ಯಾರಿಗೂ ಹೇಳಬಾರದು ಎಂದು ಶಾಂಭವಿ ಅಲ್ಲೇ ನಿಶ್ಚಯಿಸಿಕೊಂಡಳು. ನೋಟ್‌ಬುಕ್ಕಿನ ಆ ‘ಕ್’ ಅನ್ನು ಮಾತ್ರ ಹೊಡೆದುಹಾಕಲಿಲ್ಲ.