ಕಂಟ್ರೋಲ್ ಟವರಿನ ಪಾಸು

ಎಂಥಾ ಹಠಮಾರಿ ಎ.ಸಿ. ಕೊಟ್ಟರೂ ಬಿಚ್ಚಿ ರಿಪೇರಿ ಮಾಡುತ್ತಿದ್ದ ಆ ಮೆಕ್ಯಾನಿಕ್, ಪೆನ್ನು ಕೊಟ್ಟರೆ ಮಾತ್ರ ಬೆವರುತ್ತಿದ್ದ. ಹಾಗಾಗಿ ಮನೆಯ ಅರ್ಜಿಗಳೆಲ್ಲ ಹೆಂಡತಿಯ ಪಾಲು. ವಿಮಾನ ನಿಲ್ದಾಣದ ಕಂಟ್ರೋಲ್ ಟವರಿನಲ್ಲಿ ಕಾಯಂ ಕೆಲಸ ಸಿಗುವ ಹಾಗಾದಾಗ, ಭದ್ರತಾ ಪಾಸಿನ ಹನ್ನೆರಡು ಪುಟದ ಅರ್ಜಿಯನ್ನೂ ಅವಳೇ ತುಂಬಿದಳು.

'ಯಾವುದಾದರೂ ಅಪರಾಧಕ್ಕೆ ಶಿಕ್ಷೆಯಾಗಿದೆಯೇ?' ಎಂದು ಓದಿ, "ಇರುವೆ ತುಳಿದರೂ ಅಯ್ಯೋ ಪಾಪ ಅನ್ನೋರಿಗೆ ಶಿಕ್ಷೆಯಂತೆ ಶಿಕ್ಷೆ!" ಎಂದು ನಕ್ಕು, 'ಇಲ್ಲ' ಎಂಬಲ್ಲಿ ಟಿಕ್ ಹಾಕಿದಳು. ಅವನು ನಿಜ ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಮಹಾಶಯ ಬಾಯಿಗೆ ಬೀಗ ಹಾಕಿಕೊಂಡು ಸಹಿ ಮಾಡಿದ.

ಆಗಿದ್ದು ಇಷ್ಟೇ: ಇಪ್ಪತ್ತರ ವಯಸ್ಸಿನಲ್ಲಿ ಇನ್ನಿಬ್ಬರ ಜೊತೆ ಸೇರಿ ಗೋದಾಮೊಂದರ ಎ.ಸಿ.ಗಳಿಂದ ತಾಮ್ರದ ಪೈಪು ಕದ್ದು ಸಿಕ್ಕಿಬಿದ್ದಿದ್ದ. ನಾಲ್ಕು ತಿಂಗಳು ಜೈಲು. ಆಮೇಲೆ ಒಂದು ಸ್ಕ್ರೂ ಕೂಡ ಜೇಬಿಗೆ ಇಳಿಸಿದವನಲ್ಲ. ಮದುವೆಯ ಮಾತುಕತೆಯಲ್ಲಿ ಅವನ ಅಕ್ಕ ಆ ನಾಲ್ಕು ತಿಂಗಳನ್ನು 'ಟ್ರೇನಿಂಗ್' ಎಂದು ದಾಟಿಸಿಬಿಟ್ಟಳು. ಹನ್ನೊಂದು ವರ್ಷದಿಂದ ಹೆಂಡತಿ ಅದನ್ನೇ ನಂಬಿದ್ದಳು.

ಮೂರು ವಾರಕ್ಕೆ ಭದ್ರತಾ ಕಚೇರಿಯಿಂದ ಕರೆ ಬಂತು. ಹೋದರೆ, ತನಿಖಾಧಿಕಾರಿ ಒಬ್ಬ ಹೆಂಗಸು; ಅವರ ಮೇಜಿನ ಮೇಲೆ ಅವನ ಫೈಲು ಬಿಟ್ಟರೆ ಬೇರೇನೂ ಇರಲಿಲ್ಲ.

"ಹದಿನೈದು ವರ್ಷದ ಹಿಂದಿನ ಕಳ್ಳತನ. ಅದೊಂದಕ್ಕೇ ನಾವು ಪಾಸು ನಿಲ್ಲಿಸ್ತಿರಲಿಲ್ಲ. ಇಲ್ಲ ಅಂತ ಯಾಕೆ ಹಾಕಿದ್ರಿ?"

"ಹೆಂಡತಿ ತುಂಬಿದ್ದು ಮೇಡಂ. ನಾನು ಸಹಿ ಮಾಡಿದ್ದಷ್ಟೇ."

"ಅವರಿಗೆ ಈ ವಿಷಯ ಗೊತ್ತೇ ಇಲ್ಲ ಅಂದ್ರೆ ಅದು ಇನ್ನೂ ಕೆಟ್ಟದ್ದು ಕಣ್ರೀ," ಎಂದರು ಆಕೆ, ದನಿ ಏರಿಸದೆ. "ನಾಳೆ ಯಾರಾದ್ರೂ, ಟವರಿನ ಬಾಗಿಲು ತೆಗಿ, ಇಲ್ಲಾಂದ್ರೆ ನಿನ್ನ ಮನೇಲಿ ಹೇಳ್ತೀನಿ ಅಂದ್ರೆ? ನಿಮ್ಮ ಜುಟ್ಟು ಅವರ ಕೈಲಿ."

ತಿದ್ದುಪಡಿಯ ಹಾಳೆಯೊಂದನ್ನು ಕೊಟ್ಟರು. ಅದರಲ್ಲಿ ಹೆಂಡತಿ ಬರೆಯಬೇಕಾದದ್ದು ಎರಡೇ ಸಾಲು: ವಿಷಯ ತಿಳಿದಿದೆಯೇ, ಯಾವಾಗಿನಿಂದ. ಮರುದಿನ ಬೆಳಿಗ್ಗೆ ತಲುಪಿಸಬೇಕು.

ಮಧ್ಯಾಹ್ನ ಮನೆಗೆ ಬಂದವನೇ ಒಂದೇ ಉಸಿರಿಗೆ ಎಲ್ಲ ಹೇಳಿದ. ಹೆಂಡತಿ ಬಟ್ಟೆ ಮಡಚುತ್ತಿದ್ದಳು.

"ಪೈಪು ಕದ್ರಿ, ಹಾಳಾಗಿ ಹೋಗ್ಲಿ. ನಮ್ಮೋರು ಟ್ರೇನಿಂಗ್ ಆದೋರು ಅಂತ ಕಂಡಕಂಡೋರ ಮುಂದೆ ನಾನು ಜಂಬ ಕೊಚ್ಚುವಾಗ ಪಕ್ಕದಲ್ಲೇ ನಿಂತು ತಲೆ ಆಡಿಸ್ತಿದ್ರಲ್ಲ ರೀ!" ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು.

ಅವನು ಹಾಳೆ ಚಾಚಿದ. "ಮದುವೆಗೆ ಮುಂಚಿನಿಂದ ಗೊತ್ತು ಅಂತ ಬರೆದುಬಿಡು. ಯಾರಿಗೆ ಗೊತ್ತಾಗುತ್ತೆ? ಇವತ್ತಿನಿಂದ ಅಂದ್ರೆ ಇಷ್ಟು ವರ್ಷ ಮುಚ್ಚಿಟ್ಟೆ ಅಂತಾಗುತ್ತೆ, ಕೆಲಸ ಕೈತಪ್ಪಿದ ಹಾಗೇ."

"ಮೊದಲನೇ ಸುಳ್ಳು ಗೊತ್ತಿಲ್ಲದೆ ಬರೆದೆ. ಗೊತ್ತಿದ್ದೂ ಇನ್ನೊಂದು ಬರೀಬೇಕಾ?"

ಅವಳು 'ಯಾವಾಗಿನಿಂದ' ಎಂಬಲ್ಲಿ ಆ ದಿನದ ತಾರೀಖು ಹಾಕಿ, ಕೆಳಗೆ ಸಹಿ ಮಾಡಿದಳು. ಆಮೇಲೆ ಅವನೊಡನೆ ಮಾತಿಲ್ಲ. ರಾತ್ರಿಯೂ ಇಲ್ಲ, ಬೆಳಿಗ್ಗೆಯೂ ಇಲ್ಲ.

ಮರುದಿನ ಮೇಡಂ ಹಾಳೆಯನ್ನು ಎರಡು ಸಲ ಓದಿದರು. "ಬೇರೆ ತಾರೀಖು ಹಾಕಿಸ್ಬಹುದಿತ್ತಲ್ಲ?"

"ಹಾಕಿಸೋಕೆ ನೋಡಿದೆ ಮೇಡಂ. ಅವಳು ಒಪ್ಪಲಿಲ್ಲ."

ಮೇಡಂ ಅವನನ್ನೇ ನೋಡಿದರು. ಫೈಲು ಮುಚ್ಚಿದರು. "ಈ ಸಲ ಆಗಲ್ಲ. ಒಂದು ವರ್ಷ ಬಿಟ್ಟು ಮತ್ತೆ ಅರ್ಜಿ ಹಾಕಿ."

ಹೊರಗೆ ಬಂದು ಹೆಂಡತಿಗೆ ಫೋನು ಮಾಡಿದ. ಕೆಲಸ ಹೋಯಿತೆಂದ. ತಾರೀಖು ಬದಲಿಸಲು ನೋಡಿದ್ದನ್ನೂ ಮೇಡಂಗೆ ಬಾಯಿಬಿಟ್ಟು ಹೇಳಿದೆನೆಂದ.

"ಊಟಕ್ಕೆ ಬನ್ನಿ," ಎಂದಳು.